ಎರಡನೆಯ ವರ್ಷದ ಎಲೆ

"ಚೆಂದ ಮಾಡಬ್ಯಾಡ್ರಿ ವಹೀದಸಾಬ್. ಇದ್ದಂಗ ತಗೀರಿ," ಎಂದು ಅಯ್ಯಣ್ಣ ಹಿಂದಿನಿಂದ ಬಗ್ಗಿ ನೋಡಿ ಹೇಳಿದ.

ಅಬ್ದುಲ್ ವಹೀದ್ ಕುಂಚ ಎತ್ತಿ ಹಿಡಿದ. ಕವಿತಾಳದ ಗೋಪಮ್ಮನ ತೋಟದಲ್ಲಿ, ಮೋಸಂಬಿ ಗಿಡದ ನೆರಳಿಗೆ ಕೂತು ಅವನು ಬೆಳಗಿನಿಂದ ಒಂದೇ ಎಲೆ ಬರೆಯುತ್ತಿದ್ದ. ರಾಯಚೂರಿನ ಟಾಕೀಸುಗಳಿಗೆ ಇಪ್ಪತ್ತು ವರ್ಷ ಸಿನಿಮಾ ಬೋರ್ಡು ಬರೆದ ಕೈ ಅದು. ಮುಖವೊಂದರ ಎಡಗೆನ್ನೆಗೆ ಬಿದ್ದ ಬಣ್ಣ ಬಲಗೆನ್ನೆಗೂ ತಾನಾಗಿಯೇ ಬೀಳುತ್ತಿತ್ತು. ಎಲೆಗೂ ಹಾಗೆಯೇ ಆಗಿತ್ತು.

"ನಡುವಿನ ನರದ ಆಚೀಚೆ ಹಳದಿ ಒಂದೇ ಸಮ ಇದ್ರ ಮಣ್ಣಿನ್ಯಾಗ ಸತು ಕಡಿಮಿ ಅಂತ ಅರ್ಥರಿ. ಅದಕ್ಕ ಗೊಬ್ಬರ ಸಾಕು. ಇದು ನೋಡ್ರಿ, ಈ ಕಡೆ ಒಂದು ನಮೂನಿ, ಆ ಕಡೆ ಇನ್ನೊಂದು. ಇದು ರೋಗ," ಎಂದ ಅಯ್ಯಣ್ಣ.

ಅಯ್ಯಣ್ಣ ಯಾಪಲದಿನ್ನಿಯವನು. ಕೂಲಿ ಮಾಡುವವರ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು. ಸಂಶೋಧನಾ ಕೇಂದ್ರವೊಂದರಲ್ಲಿ ಸಹಾಯಕನ ಕೆಲಸ, ಅದೂ ವರ್ಷವರ್ಷಕ್ಕೆ ಮುಂದುವರಿಸುವ ಹಂಗಾಮಿ ಕೆಲಸ. ರೋಗದ ದಾಖಲೆಗೆ ಎಲೆಯ ಬಣ್ಣದ ಫೋಟೊ ತೆಗೆದರೆ ತೊಳೆಸಲು ಹೈದರಾಬಾದಿಗೆ ಕಳಿಸಬೇಕಿತ್ತು, ತೊಳೆದು ಬಂದಾಗ ಹಳದಿಯೆಲ್ಲ ಕಂದಾಗಿರುತ್ತಿತ್ತು. ಅದಕ್ಕೇ ಅವನು ಟಾಕೀಸಿನ ಹಿಂದಿನ ಶೆಡ್ಡಿಗೆ ಹೋಗಿ ವಹೀದನನ್ನು ಕರೆತಂದಿದ್ದ.

ಅಂದು ವಹೀದ್ ಎಲೆಯನ್ನು ಮೂರು ಸಲ ಅಳಿಸಿ ಬರೆದ. ನಾಲ್ಕನೆಯದನ್ನು ಅಯ್ಯಣ್ಣ ತೆಗೆದುಕೊಂಡು ಫೈಲಿನಲ್ಲಿಟ್ಟ.

ಬಸ್ಸಿನ ದಾರಿಯಲ್ಲಿ ಅಯ್ಯಣ್ಣ ರೋಗದ ಕಥೆ ಹೇಳುತ್ತಿದ್ದ. ಮೊದಲು ಎಲ್ಲರೂ ಇದನ್ನು ವೈರಸ್ ಅಂದಿದ್ದರು. ಈಗ ಅಲ್ಲವಂತೆ, ಬ್ಯಾಕ್ಟೀರಿಯಾದಂಥ ಜೀವಿಯಂತೆ. ಎಲೆಯ ನರದೊಳಗೇ ಬದುಕುತ್ತದೆ, ಗಾಜಿನ ಬಟ್ಟಲಲ್ಲಿ ಅದನ್ನು ಬೆಳೆಸಲು ಯಾರಿಂದಲೂ ಆಗಿಲ್ಲ. ಎಳ್ಳುಕಾಳಿನಷ್ಟು ಹುಳವೊಂದು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ.

"ನೀವು ನೋಡೀರೇನು ನರದಾಗಿನ ಆ ಜೀವೀನ?" ವಹೀದ್ ಕೇಳಿದ.

"ಎಲ್ಲಿಂದ ನೋಡ್ಲಿರಿ? ಅಷ್ಟು ಸಣ್ಣದು ತೋರಿಸೋ ಯಂತ್ರ ದಿಲ್ಲಿಯಾಗ ಅದ. ನಮಗ ಔಷಧನಾ ಕಣ್ಣು. ಮನುಷ್ಯಾರಿಗೆ ಕೊಡೋ ಟೆಟ್ರಾಸೈಕ್ಲಿನ್ ಗಿಡಕ್ಕ ಏರಸ್ತೀನಿ. ಅದಕ್ಕ ಬಗ್ಗಿದ್ರ ವೈರಸ್ ಅಲ್ಲ ಅಂತ ಖಾತ್ರಿ."

ಹಾಗೆ ಗೋಪಮ್ಮನ ನಲವತ್ತು ಗಿಡಗಳ ಬೊಡ್ಡೆಗೆ ತೂತು ಕೊರೆದು ಔಷಧ ಇಳಿಸಿದರು. ಗಂಡ ತೀರಿದ ಮೇಲೆ ಒಬ್ಬಳೇ ನಿಂತು ಬೆಳೆಸಿದ ತೋಟ ಅದು. ಆರು ತಿಂಗಳಿಗೆ ಹೊಸ ಚಿಗುರು ಅಚ್ಚ ಹಸಿರಾಗಿ ಬಂತು. ಗೋಪಮ್ಮ ಅವರಿಬ್ಬರಿಗೆಂದು ಒಂದು ಬುಟ್ಟಿ ಹಣ್ಣು ಬಸ್ಸಿಗೇರಿಸಿದಳು. ವಹೀದ್ ಆ ಎಲೆಯನ್ನೂ ಬರೆದ, ಬರೆಯುವಾಗ ಅವನಿಗೂ ಖುಷಿಯಾಯಿತು.

ಎರಡನೆಯ ವರ್ಷ ಹಳದಿ ಮರಳಿ ಬಂತು. ಒಂದೆರಡು ಟೊಂಗೆಗಳಲ್ಲಿ ಮೊದಲು, ಆಮೇಲೆ ಎಲ್ಲ ಗಿಡದಲ್ಲೂ. ವಹೀದ್ ಬರೆದುಕೊಟ್ಟ ಎಲೆಯನ್ನು ಅಯ್ಯಣ್ಣ ಬಹಳ ಹೊತ್ತು ನೋಡಿ ಫೈಲಿನ ತಳಕ್ಕೆ ಸೇರಿಸಿದ.

"ಇನ್ನೊಂದು ಸಲ ಏರಿಸೋಣಂತ," ಎಂದ.

ಎಂಬತ್ತೆರಡರ ಡಿಸೆಂಬರಿನಲ್ಲಿ ರಾಯಚೂರಿನ ಗಂಜ್ ಮಾರುಕಟ್ಟೆಯ ಅಂಗಳದಲ್ಲಿ ರೈತರಿಗಾಗಿ ಕೃಷಿ ಪ್ರದರ್ಶನ ನಡೆಯಿತು. ಅಯ್ಯಣ್ಣನ ಮೇಲಿನ ಸಾಹೇಬರು ಆಳೆತ್ತರದ ಬೋರ್ಡು ಬೇಕೆಂದರು. ಔಷಧಕ್ಕೆ ಮೊದಲು ಒಂದು ಎಲೆ, ನಂತರ ಒಂದು ಎಲೆ, ಕೆಳಗೆ ಔಷಧದ ಹೆಸರು.

"ನಂತರ ಅಂದ್ರ ಯಾವುದುರಿ?" ವಹೀದ್ ಕೇಳಿದ.

"ಮೊದಲನೇ ವರ್ಷದ್ದು."

"ಎರಡನೇದು?"

"ಬೋರ್ಡಿನ್ಯಾಗ ಜಾಗ ಇಲ್ಲರಿ," ಎಂದು ಅಯ್ಯಣ್ಣ ಬೇರೆ ಕಡೆ ನೋಡಿದ.

ವಹೀದ್ ಬೋರ್ಡು ಬರೆದ. ಜಾಗ ಇತ್ತು. ಬಲತುದಿಯಲ್ಲಿ ಮೂರನೆಯ ಎಲೆ ಬರೆದು, ಕೆಳಗೆ 'ಎರಡನೇ ವರ್ಷ' ಎಂದು ಬರೆದು ಪ್ರದರ್ಶನದ ಬೆಳಗ್ಗೆ ಪೆಂಡಾಲಿಗೆ ತಂದು ನಿಲ್ಲಿಸಿದ.

ಅಯ್ಯಣ್ಣನ ಮುಖ ಸಪ್ಪಗಾಯಿತು. "ಯಾರು ಹೇಳಿದ್ರು ಇದನ್ನ ಬರೀ ಅಂತ?"

"ಯಾರೂ ಹೇಳಿಲ್ಲರಿ. ಇವತ್ತು ಗೋಪಮ್ಮ ಬರ್ತಾಳ. ತೋಟದ ಮಗ್ಗಲ ಹೊಲದಾಗ ಹೊಸ ಸಸಿ ಹಚ್ಚತಾಳಂತ."

"ಸಾಹೇಬ್ರು ಹತ್ತಕ್ಕ ಬರ್ತಾರ. ಈ ತಿಂಗಳು ನನ್ನ ಕೆಲಸದ ಕಾಗದ ಅವರ ಕೈಯಾಗ ಅದ ವಹೀದಸಾಬ್. ಅಳಿಸಿಬಿಡ್ರಿ."

ವಹೀದ್ ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಕುಂಚ ಅದ್ದಿ ಅವನ ಕೈಗೆ ಕೊಟ್ಟ. "ನನ್ನಿಂದ ಆಗಂಗಿಲ್ಲರಿ. ನೀವಾ ಅಳಿಸ್ರಿ."

ಅಯ್ಯಣ್ಣ ಆಚೀಚೆ ನೋಡಿ ಬಳಿದ. ರೂಢಿಯಿಲ್ಲದ ಕೈ, ಬಣ್ಣ ಅಂಗಿಯ ತೋಳಿಗೂ ಹತ್ತಿತು. ಸಾಹೇಬರು ಬಂದರು, ಬೋರ್ಡು ನೋಡಿ ತಲೆಯಾಡಿಸಿದರು, ಚಹಾ ಕುಡಿಯಲು ಮುಂದಿನ ಡೇರೆಗೆ ನಡೆದರು. ಮಾನ್ವಿ, ದೇವದುರ್ಗದ ಕಡೆಯ ರೈತರು ಬೋರ್ಡಿನ ಮುಂದೆ ನಿಂತು ಔಷಧದ ಹೆಸರನ್ನು ಬೀಡಿ ಪ್ಯಾಕೆಟ್ಟಿನ ಹಿಂದೆ ಬರೆದುಕೊಂಡರು. ವಹೀದ್ ಕುಂಚ ತೊಳೆಯುತ್ತ ಅವರನ್ನು ನೋಡುತ್ತಿದ್ದ.

ಗೋಪಮ್ಮ ಬಂದಾಗ ಹೊತ್ತು ನೆತ್ತಿಗೇರಿತ್ತು. ಹಸಿರು ಎಲೆಯ ಮುಂದೆ ನಿಂತು, "ಇದು ನನ್ನ ಗಿಡದ್ದಲ್ಲೇನು?" ಎಂದಳು. ಆಮೇಲೆ ಅಯ್ಯಣ್ಣನ ಕಡೆ ತಿರುಗಿದಳು. "ನೀ ಹೇಳಪ್ಪಾ. ಸಸಿಗೆ ಹೇಳಿ ಬಂದೀನಿ, ಮುಂದಿನ ವಾರ ಬರ್ತಾವ. ಹಳೇ ಗಿಡದ ಮಗ್ಗಲಾ ಹಚ್ಚಲೇನು?"

ಅಯ್ಯಣ್ಣ ಚಹಾದ ಡೇರೆಯ ಕಡೆ ನೋಡಿದ. ಸಾಹೇಬರು ಇನ್ನೂ ಅಲ್ಲೇ ಕೂತಿದ್ದರು, ಬೆನ್ನು ಈ ಕಡೆಗಿತ್ತು.

"ಹಚ್ಚಬ್ಯಾಡ ಯವ್ವಾ," ಎಂದ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ. "ಔಷಧ ಒಂದು ವರ್ಷದ ಮಾತು. ರೋಗ ಹೊಸಾವಕ್ಕೂ ಹತ್ತತದ. ಮೊದಲ ಆ ಗಿಡ ಕಡಿ."

"ನಲವತ್ತೂ?"

"ನಲವತ್ತೂ."

ಗೋಪಮ್ಮ ಸೆರಗು ಸರಿಮಾಡಿಕೊಂಡಳು. ಅವನನ್ನು ಬೈಯಲಿಲ್ಲ. "ಇದನ್ನ ಹ್ವಾದ ವರ್ಷನಾ ಹೇಳಿದ್ರ ಬೇಸಿತ್ತು," ಎಂದಷ್ಟೇ ಹೇಳಿ ಬಸ್ಸಿಗೆ ಹೊರಟಳು. ಅಯ್ಯಣ್ಣ ತೋಳಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಬೋರ್ಡಿನ ಮಗ್ಗುಲಿಗೇ ನಿಂತ. ಇನ್ನೊಬ್ಬ ರೈತ ಬಂದು ಔಷಧದ ಹೆಸರು ಕೇಳಿದಾಗ ಓದಿ ಹೇಳಿದ.

ಸಂಕ್ರಾಂತಿ ಕಳೆದ ಮೇಲೆ ವಹೀದನಿಗೆ ಕವಿತಾಳದಲ್ಲಿ ಕಿರಾಣಿ ಅಂಗಡಿಯೊಂದರ ಬೋರ್ಡು ಬರೆಯುವ ಕೆಲಸ ಸಿಕ್ಕಿತು. ಏಣಿ ಹತ್ತಿ ಮೊದಲ ಅಕ್ಷರ ಎಳೆಯುವಷ್ಟರಲ್ಲಿ, ಗೋಪಮ್ಮನ ತೋಟದ ದಾರಿಯಿಂದ ಹೆಂಗಸರು ಸಾಲಾಗಿ ಬಂದರು. ತಲೆಯ ಮೇಲೆ ಮೋಸಂಬಿಯ ಟೊಂಗೆಗಳ ಹೊರೆ. ಎಲೆ ಇನ್ನೂ ಬಾಡಿರಲಿಲ್ಲ. ಟೊಂಗೆಗೆ ಅಂಟಿದ್ದ ಸಣ್ಣ, ಸೊಟ್ಟ ಕಾಯಿಗಳು ನಡಿಗೆಯ ಕುಲುಕಿಗೆ ಒಂದೊಂದಾಗಿ ದಾರಿಗೆ ಉದುರುತ್ತಿದ್ದವು. ಹಿಂದೆ ಬರುತ್ತಿದ್ದ ಆಡೊಂದು ಒಂದನ್ನು ಮೂಸಿ ನೋಡಿತು. ಇನ್ನೊಂದನ್ನೂ ಮೂಸಿತು. ಆಮೇಲೆ ಗೋಡೆಯ ನೆರಳು ಹಿಡಿದು ಹೊರಟುಹೋಯಿತು.