ಅವ್ವನಿಗೊಂದು ಜಾಗ

ಅಕ್ಟೋಬರ್‌ನ ಬಿರುಗಾಳಿ ದಾಟಿಹೋದ ಮರುದಿನ ಹ್ಯಾರಿಯೆಟ್ ಗ್ಲೋಡ್ ಸ್ಮಶಾನಕ್ಕೆ ಬಂದು ನೋಡಿದರೆ, ಕುಸಿದ ಕೆಂಪು ದಡದಿಂದ ಅವ್ವನ ಶವಪೆಟ್ಟಿಗೆಯ ಮೂಲೆ ಹೊರಗೆ ಚಾಚಿತ್ತು. ಕೆಳಗೆ ಸಮುದ್ರ ಏನೂ ಅರಿಯದಂತೆ ತೆಪ್ಪಗಿತ್ತು.

ಅವಳು ಅಣ್ಣ ಲೀವೈಯನ್ನು ಕರೆತಂದಳು. ನಲವತ್ತು ವರ್ಷಗಳಿಂದ, ಮೂಲನಿವಾಸಿಗಳಿಗೆಂದು ಸರ್ಕಾರ ಮೀಸಲಿಟ್ಟ ಆ ರಿಸರ್ವ್‌ನಲ್ಲಿ ಸತ್ತವರಿಗೆಲ್ಲ ಗುಂಡಿ ತೋಡಿದವನು ಅವನೇ.

"ಎಲ್ಲಿಗೆ ಸಾಗಿಸೋದು ಅಣ್ಣಾ?"

ಲೀವೈ ಸುತ್ತ ಕಣ್ಣಾಡಿಸಿದ. ಸ್ಮಶಾನ ತುಂಬಿಹೋಗಿತ್ತು. ಚರ್ಚಿನ ಹಿಂದೆ ಎರಡಡಿ ಅಗೆದರೆ ನೀರು. ಉಳಿದದ್ದು ಮನೆಗಳು, ಇಲ್ಲವೇ ಜೌಗು. ರಸ್ತೆಯಾಚೆಯ ದಿಬ್ಬ ಅಜ್ಜನ ಕಾಲಕ್ಕೆ ತಮ್ಮ ಮಿಗ್ಮಾ ಜನರದೇ ಆಗಿತ್ತು. ಈಗ ಅಲ್ಲಿ ಯಾರೋ ಬಿಳಿಯ ರೈತ ಆಲೂಗಡ್ಡೆ ಬೆಳೆಯುತ್ತಿದ್ದ. ಅದರಲ್ಲಿ ಸ್ಮಶಾನಕ್ಕೆ ಅರ್ಧ ಎಕರೆ ಕೊಡಿಸಿ ಎಂದು ಊರವರು ಸರ್ಕಾರಕ್ಕೆ ಬರೆದು ನಾಲ್ಕು ವರ್ಷವಾಗಿತ್ತು. ಹ್ಯಾರಿಯೆಟ್ ಮತ್ತೆ ಫೋನ್ ಮಾಡಿದಳು.

"ಪರಿಶೀಲನೆಯಲ್ಲಿದೆ ಮೇಡಂ."

"ನಮ್ಮವ್ವನ ಪೆಟ್ಟಿಗೆ ದಡದಲ್ಲಿ ನೇತಾಡ್ತಿದೆ ಕಣಮ್ಮ. ಅದನ್ನೂ ಪರಿಶೀಲಿಸ್ತೀರಾ?"

ಆ ಕಡೆಯವಳು ಫೋನನ್ನು ಇನ್ಯಾರಿಗೋ ದಾಟಿಸಿದಳು. ಅಲ್ಲಿ ಯಾರೂ ಎತ್ತಲಿಲ್ಲ.

ಮೂರನೆಯ ದಿನ ಲೀವೈ ಸ್ಮಶಾನದ ಒಳಬದಿಯಲ್ಲಿ, ತನ್ನ ಹೆಂಡತಿಯ ಗೋರಿಯ ಪಕ್ಕ ಅಗೆಯತೊಡಗಿದ.

"ಅದು ನೀನು ನಿನಗೇಂತ ಇಟ್ಕೊಂಡಿದ್ದ ಜಾಗ ಅಲ್ವಾ?"

"ನನಗೆ ಈಜು ಬರುತ್ತೆ. ಅವ್ವಂಗೆ ಬರಲ್ಲ," ಎಂದ ಲೀವೈ. ನಗಲು ಹೋಗಿ ಕೆಮ್ಮಿದ.

ಹಲಗೆಗಳು ಲಡ್ಡಾಗಿದ್ದವು. ಅವ್ವನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿದಾಗ ಒಂದು ಹೊರೆ ಪುರಲೆಯಷ್ಟೂ ಭಾರವಿರಲಿಲ್ಲ. ಹ್ಯಾರಿಯೆಟ್ ತಮ್ಮವರ ರೂಢಿಯಂತೆ ಗುಂಡಿಗೆ ಹೊಗೆಸೊಪ್ಪು ಉದುರಿಸಿದಳು. ಅವ್ವ ಹೇಳುತ್ತಿದ್ದ ಪ್ರಾರ್ಥನೆಯನ್ನು ತಮ್ಮ ಮಿಗ್ಮಾ ಭಾಷೆಯಲ್ಲೇ ಇಬ್ಬರೂ ಶುರು ಮಾಡಿದರು. ಅರ್ಧಕ್ಕೆ ಬಂದು ತಡವರಿಸಿ ನಿಂತರು. ಆ ಭಾಷೆ ಆಡಿದ್ದಕ್ಕೇ ಚಿಕ್ಕಂದಿನಲ್ಲಿ ಬಿಳಿಯರ ವಸತಿಶಾಲೆಯಲ್ಲಿ ಬೆತ್ತದೇಟು ತಿಂದವರು ಇಬ್ಬರೂ; ಮುಂದಿನ ಸಾಲು ಯಾರಿಗೂ ಹೊಳೆಯಲಿಲ್ಲ. ಲೀವೈ ಗುಂಡಿಗೆ ಮಣ್ಣೆಳೆದ.

ಆ ಚಳಿಗಾಲದಲ್ಲಿ ದಡ ಇನ್ನಷ್ಟು ಕುಸಿಯಿತು. ಇನ್ನು ಇಲ್ಲಿ ಯಾರನ್ನೂ ಹೂಳುವಂತಿಲ್ಲವೆಂದು ಊರಿನ ಕೌನ್ಸಿಲ್ ತೀರ್ಮಾನಿಸಿತು. ಮಾರ್ಚ್‌ನಲ್ಲಿ ಲೀವೈಯ ಎದೆಬಡಿತ ನಿಂತಿತು.

ಅವನನ್ನು ಅರವತ್ತು ಕಿಲೋಮೀಟರ್ ಆಚೆ, ಪಟ್ಟಣದ ಸಾರ್ವಜನಿಕ ಸ್ಮಶಾನಕ್ಕೆ ಒಯ್ದರು. ಆ ಸಾಲಿನ ಕಲ್ಲುಗಳ ಮೇಲೆ ಹ್ಯಾರಿಯೆಟ್‌ಗೆ ಗೊತ್ತಿದ್ದ ಒಂದು ಹೆಸರೂ ಇರಲಿಲ್ಲ. ಹಿಡಿ ಮಣ್ಣು ಹಾಕಲು ಅವಳು ಬಗ್ಗಿದಾಗ, ಗುಂಡಿ ಮುಚ್ಚುವ ಯಂತ್ರದ ಮೇಲೆ ಕೂತಿದ್ದವನು ಕೈಬೀಸಿದ.

"ಸ್ವಲ್ಪ ಹಿಂದೆ ನಿಂತ್ಕೊಳ್ಳಿ ಅಮ್ಮಾ. ಬಕೆಟ್ ತಗಲುತ್ತೆ."

ಅವಳು ಹಿಂದೆ ಸರಿದಳು. ಊರಿನ ಕಡೆಗಿದ್ದ ಒಂದೇ ಬಸ್ಸು ನಾಲ್ಕಕ್ಕೆ ಹೊರಡುವುದಿತ್ತು. ಗುಂಡಿ ಮುಚ್ಚಿ ಮುಗಿಯುವ ಮೊದಲೇ ಅವಳು ಗೇಟಿನತ್ತ ನಡೆದಳು.