ಹರಳಿನಲ್ಲಿ ಕೇಳಿದ ಕೈ

ನನ್ನದು ಊರಿಗೇ ಗೊತ್ತಿರುವ ಕೋಪ. ದೊಡ್ಡಬಳ್ಳಾಪುರದಾಚೆಯ ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಹದಿನೆಂಟು ವರ್ಷದಿಂದ ತಂತಿ ಗುಮಾಸ್ತನಾಗಿರುವ ಗೋಪಾಲಪ್ಪ ಎಂದರೆ ಹಳಿ ರಿಪೇರಿಯ ಗ್ಯಾಂಗಿನವರೂ ಒಂದು ಮಾರು ದೂರ ನಿಲ್ಲುತ್ತಾರೆ. ಹೆಂಡತಿ ತೀರಿಹೋಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ಇದ್ದವನು ತಮ್ಮ ಆವಲಪ್ಪ ಒಬ್ಬ. ಅವನನ್ನು ನಾನೇ ಓಡಿಸಿದೆ.

ಅವನಿಗೆ ತಂತಿಭಾಷೆ ಕಲಿಸಿದವನೂ ನಾನೇ. ಅಭ್ಯಾಸಕ್ಕೆ ಬೇರೆ ಯಂತ್ರ ಎಲ್ಲಿಂದ ತರಲಿ? ಮನೆಯ ಅಡಕೆ ಕತ್ತರಿಯನ್ನೇ ಕೈಗೆ ಕೊಟ್ಟೆ. ಅದರ ಕೀಲು ಸಡಿಲ. ಬೇಗ ಬೇಗ ಎರಡು ಸಲ ಒತ್ತಿದರೆ ಎರಡನೆಯ ಸಲ ಸಿಕ್ಕಿಕೊಂಡು ಕೊಂಚ ತಡವಾಗಿ ಏಳುತ್ತಿತ್ತು. ಆ ತಡ ಅವನ ಬೆರಳಿಗೆ ಅಂಟಿಕೊಂಡಿತು. ತಂತಿಯಲ್ಲಿ ಎಲ್ ಅಕ್ಷರಕ್ಕೆ ಒಂದು ಗಿಡ್ಡ, ಒಂದು ಉದ್ದ, ಮತ್ತೆರಡು ಗಿಡ್ಡ. ಕೊನೆಯ ಗಿಡ್ಡದ ಮುಂಚೆ ಆವಲಪ್ಪ ಎಡವಿದವನಂತೆ ನಿಂತುಬಿಡುತ್ತಿದ್ದ. ಕೇಳಿಸಿಕೊಳ್ಳುವವನು ಅದನ್ನು ಬೇರೆ ಎರಡು ಅಕ್ಷರ ಎಂದು ಬರೆದುಕೊಳ್ಳುತ್ತಿದ್ದ.

ನಲವತ್ತೆರಡನೇ ಇಸವಿಯಲ್ಲಿ ರೈಲ್ವೆಯ ತಂತಿ ಇನ್‌ಸ್ಪೆಕ್ಟರು ಅವನನ್ನು ಪರೀಕ್ಷೆ ಮಾಡಲು ಬಂದರು. ಪಾಸಾದರೆ ರೈಲ್ವೆಯಲ್ಲೇ ಕೆಲಸ. ಎಲ್ ಬಂದಲ್ಲೆಲ್ಲ ಎಡವಿದ. ಇನ್‌ಸ್ಪೆಕ್ಟರು ನಕ್ಕುಬಿಟ್ಟರು. ಕೋಪದ ಕೈಗೆ ಬುದ್ಧಿ ಕೊಟ್ಟು ನಾನು ರೂಲುದೊಣ್ಣೆ ತೆಗೆದು ಅವನ ಬೆರಳ ಗೆಣ್ಣಿನ ಮೇಲೆ ಬಾರಿಸಿದೆ. ಗ್ಯಾಂಗಿನವರು, ಟಿಕೆಟ್ಟಿಗೆ ನಿಂತವರು, ಎಲ್ಲರೂ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದ ಗಂಡಸು! ಅವನು ಕೈ ನೋಡಿಕೊಂಡ, ನನ್ನನ್ನು ನೋಡಿದ, ಸಂಜೆ ಗಾಡಿಗೆ ಹೊರಟುಹೋದ. ಸೈನ್ಯಕ್ಕೆ ಸೇರಿದನಂತೆ ಎಂಬ ಸುದ್ದಿ ಬಿಟ್ಟರೆ ನಾಲ್ಕು ವರ್ಷ ಒಂದು ಕಾಗದವಿಲ್ಲ.

ಯುದ್ಧ ಮುಗಿದ ಮೇಲೆ ಬೆಂಗಳೂರಿನ ಗುಜರಿಯಲ್ಲಿ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಹಿತ್ತಾಳೆ ಬಟ್ಟಲಲ್ಲಿ ಕೂರಿಸಿದ ಸೀಸದ ಅದಿರಿನ ಒಂದು ಹರಳು ಸಿಕ್ಕಿದವು. ಬಿದಿರ ಕೊಳವೆಗೆ ತಾಮ್ರದ ತಂತಿ ಸುತ್ತಿದೆ. ಹುಣಸೆ ಮರದಿಂದ ಸೂರಿಗೆ ಒಂದು ತಂತಿ ಎಳೆದೆ, ಬಾವಿಯ ಪಕ್ಕ ನೆಲಕ್ಕೆ ಒಂದು ಕೊಳವೆ ಹೊಡೆದೆ. ಅಷ್ಟೇ, ರೇಡಿಯೋ ಸಿದ್ಧ; ಬ್ಯಾಟರಿ ಬೇಡ, ಎಣ್ಣೆ ಬೇಡ. ಲೈಸೆನ್ಸ್ ಮಾತ್ರ ಬೇಕಿತ್ತು, ನನಗಿರಲಿಲ್ಲ. ಸಿಕ್ಕಿಬಿದ್ದರೆ ಕೆಲಸಕ್ಕೆ ಸಂಚಕಾರ. ಆದರೆ ಸಂಜೆ ಗಾಡಿ ಹೋದ ಮೇಲೆ ಗೋಡೆಯ ಜೊತೆ ಎಷ್ಟು ದಿನ ಮಾತಾಡುವುದು?

ಗಾಳಿಯಲ್ಲಿ ಬರುವ ಅಲೆ ಕಣ್ಣು ಮಿಟುಕಿಸುವುದರೊಳಗೆ ಲಕ್ಷ ಸಲ ಹಿಂದಕ್ಕೆ ಮುಂದಕ್ಕೆ ತೂಗುತ್ತದೆ. ಹಿಂದಕ್ಕೆ ತೂಗಿದ್ದು ಮುಂದಕ್ಕೆ ತೂಗಿದ್ದನ್ನು ತಿಂದುಹಾಕುತ್ತದೆ, ಕಿವಿಗೆ ಏನೂ ಉಳಿಯುವುದಿಲ್ಲ. ಹರಳಿನ ಮೇಲೆ ಸಣ್ಣ ತಂತಿಯ ಮೊನೆ ಸರಿಯಾದ ಜಾಗದಲ್ಲಿ ಕೂತರೆ ವಿದ್ಯುತ್ತು ಒಂದೇ ಕಡೆಗೆ ಹಾಯುತ್ತದೆ. ಕಮ್ಮಾರನ ತಿದಿಯೊಳಗಿನ ತೊಗಲು ಮುಚ್ಚಳ ಗಾಳಿಯನ್ನು ಒಳಕ್ಕೆ ಬಿಟ್ಟು ಹಿಂದಕ್ಕೆ ಬಿಡುವುದಿಲ್ಲವಲ್ಲ, ಹಾಗೆ. ಉಳಿದ ಅರ್ಧ ಸದ್ದಾಗುತ್ತದೆ. ಆ ಜಾಗ ಹುಡುಕುವುದೇ ಒಂದು ತಪಸ್ಸು. ಬೆರಳು ತಾಗಿಸಿದರೆ ಜಿಡ್ಡು ಕೂತು ಹರಳು ಸಾಯುತ್ತದೆ, ಬಾಗಿಲು ಜೋರಾಗಿ ಹಾಕಿದರೆ ಮೊನೆ ಸರಿದುಹೋಗುತ್ತದೆ. ನನ್ನಂಥ ಮುಂಗೋಪಿ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತೆ.

ನಾಲ್ಕು ಮೈಲಿಯಾಚೆ ದಂಡಿನವರ ಕ್ಯಾಂಪಿತ್ತು. ಸಂಜೆ ಐದರಿಂದ ಆರರವರೆಗೆ ಅಲ್ಲಿನವರು ವೈರ್‌ಲೆಸ್ ಯಂತ್ರದಲ್ಲಿ ತಂತಿಭಾಷೆಯ ಅಭ್ಯಾಸ ಮಾಡುತ್ತಿದ್ದುದು ಪೀ ಪೀ ಎಂದು ನನಗೆ ಕೇಳುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು. ತಂತಿಯವರಿಗೆ ಒಬ್ಬೊಬ್ಬರ ಕೈಯೂ ಗೊತ್ತಾಗುತ್ತದೆ, ನಡಿಗೆಯಲ್ಲಿ ಆಳು ಗೊತ್ತಾಗುವ ಹಾಗೆ. ಒಂದು ಶನಿವಾರ ನಾಲ್ಕನೆಯವನು ಶುರುಮಾಡಿದ. ಎಲ್ ಬಂತು. ಗಿಡ್ಡ, ಉದ್ದ, ಗಿಡ್ಡ... ಎಡವಿ, ಗಿಡ್ಡ.

"ಲೇ ಆವಲಪ್ಪಾ!" ಎಂದು ಕೂಗಿಯೇಬಿಟ್ಟೆ. ಯಾರಿಗೆ ಕೂಗುವುದು? ಹರಳಿನಲ್ಲಿ ಕೇಳಬಹುದು, ಮರಳಿ ಒಂದಕ್ಷರ ಕಳಿಸುವಂತಿಲ್ಲ. ಹೆಡ್‌ಫೋನನ್ನು ಎರಡು ಕೈಯಲ್ಲಿ ಒತ್ತಿಹಿಡಿದು, ನಾಚಿಕೆ ಬಿಟ್ಟು ಅತ್ತೆ.

ಮಾರನೆಯ ಭಾನುವಾರ ಸೈಕಲ್ ಹತ್ತಿದೆ. ಕ್ಯಾಂಪಿನ ಗೇಟಿನಲ್ಲಿ ಕೇಳಲು ಧೈರ್ಯ ಬರಲಿಲ್ಲ, ನಿನಗೆ ಹೇಗೆ ಗೊತ್ತಾಯಿತು ಎಂದರೆ ಏನು ಹೇಳಲಿ? ಎದುರಿಗೆ ಪಿಳ್ಳಮ್ಮ ಎಂಬಾಕೆಯ ಟೀ ಗುಡಿಸಲಿತ್ತು. ವಿಚಾರಿಸಿದೆ.

"ಆವಲಪ್ಪ ಅನ್ನೋರು ಇಲ್ಲಿ ಯಾರೂ ಇಲ್ಲ ಕಣಪ್ಪಾ. ನಂಗೆ ಎಲ್ರೂ ಗೊತ್ತು. ಕುಂತ್ಕೋ, ಟೀ ಕೊಡ್ತೀನಿ."

ಹೆಸರು ಬದಲಾಯಿಸಿಕೊಂಡಿರಬಹುದು ಎಂದುಕೊಂಡು ಕೂತೆ. ಬೆಂಚಿನ ಆ ತುದಿಯಲ್ಲಿ ಖಾಕಿ ಹಾಕಿದ ಒಬ್ಬ, ಮೂವತ್ತರ ಹತ್ತಿರದವನು, ಬೆರಳಿನಿಂದ ಹಲಗೆ ಕುಟ್ಟುತ್ತಿದ್ದ. ಎಲ್. ಎಲ್. ಎಲ್. ಎಡವಿ, ಎಡವಿ, ಎಡವಿ. ತಿರುಗಿ ನೋಡಿದೆ. ಅವನು ನನ್ನ ತಮ್ಮನಲ್ಲ.

"ಆ ಎಲ್ ಯಾರಪ್ಪಾ ಕಲಿಸಿದ್ದು ನಿಂಗೆ?" ಎಂದೆ.

ಅವನು ಬೆಚ್ಚಿದ. "ನಮ್ ಉಸ್ತಾದ್ರು ಸ್ವಾಮಿ, ಆವಲಪ್ಪ ಅಂತ. ಬರ್ಮಾ ಗಡಿನಾಗೆ ಅವ್ರ ಕೈ ಕೆಳಗೇ ಕಲ್ತಿದ್ದು. ನಾನು ಸೊಣ್ಣಪ್ಪ, ಮಾಲೂರ ಕಡೆಯೋನು."

"ಈಗೆಲ್ಲವ್ನೆ?"

"ನಲವತ್ನಾಲ್ಕರಲ್ಲೇ ಹೋಗ್ಬಿಟ್ರು ಸ್ವಾಮಿ. ಅವ್ರು ಕುಂತಿದ್ದ ಡೇರೆ ಮೇಲೇ ಬಾಂಬು ಬಿತ್ತು. ಏನೂ ಸಿಗ್ಲಿಲ್ಲ."

ಗ್ಲಾಸು ಕೆಳಗಿಟ್ಟೆ. "ಮನೆಗೆ ಯಾಕೆ ತಂತಿ ಕಳಿಸಲಿಲ್ಲ?"

"ಮನೇಲಿ ಯಾರೂ ಇಲ್ಲ ಅಂತ ಬರ್ಸಿದ್ರು. ನೀವು ಅವ್ರಿಗೆ ಏನಾಗ್ಬೇಕು?"

"ಅಣ್ಣ."

ಸೊಣ್ಣಪ್ಪ ಎದ್ದು ನಿಂತ. "ಉಸ್ತಾದ್ರಿಗೆ ಅಣ್ಣ ಇದ್ರಾ? ಒಂದೂವರೆ ವರ್ಸ ಜೊತೇಲಿ ಉಂಡೋರು, ಒಂದ್ಸಲಾನೂ ಹೇಳ್ಲಿಲ್ವಲ್ಲ!"

ಮನೆಯಲ್ಲಿ ಯಾರೂ ಇಲ್ಲ ಎಂದು ತಮ್ಮ ಬರೆಸಿದ್ದು ಸರಿಯಾಗಿತ್ತು. ನನ್ನಂಥವನು ಇದ್ದರೆಷ್ಟು, ಬಿಟ್ಟರೆಷ್ಟು. "ಇನ್ನೊಂದ್ಸಲ ಹೊಡಿಯಪ್ಪಾ ಆ ಎಲ್" ಎಂದೆ. ಹೊಡೆದ. ಮತ್ತೆ ಹೊಡೆಯಲು ಹೇಳಿದೆ. ಹತ್ತು ಸಲ ಹೊಡೆಸಿರಬೇಕು.

"ಇದೇ ನನ್ನ ಪ್ರಾಣ ತಿಂತೈತೆ ಸ್ವಾಮಿ," ಎಂದ ಸೊಣ್ಣಪ್ಪ. "ಯುದ್ಧದಾಗೆ ಯಾರೂ ಕೇಳ್ಲಿಲ್ಲ, ಆದ್ರೆ ನಾಳೆ ಸೋಮವಾರ ಸಂಜೆ ಅಭ್ಯಾಸದ ಹೊತ್ನಾಗೇ ಪರೀಕ್ಷೆ. ಇದು ತಿದ್ದಿಲ್ಲ ಅಂದ್ರೆ ಮನೆಗೆ ಕಳ್ಸ್ತಾರೆ. ಎರಡು ಹೆಣ್ಮಕ್ಳವ್ರೆ. ಎಷ್ಟು ಹೊಡೆದ್ರೂ ಬೆರಳು ಕೇಳಾಕಿಲ್ಲ."

ಬೇಡ, ತಿದ್ದಿಕೊಳ್ಳಬೇಡ ಎಂದು ಅವನ ಕಾಲು ಹಿಡಿಯಬೇಕೆನ್ನಿಸಿತು. ಈ ಲೋಕದಲ್ಲಿ ನನ್ನ ತಮ್ಮ ಉಳಿದದ್ದು ಆ ಬೆರಳಿನಲ್ಲಿ ಅಷ್ಟೇ. ನಾನು ಹಾಗೇ ಎದ್ದುಹೋಗಿದ್ದರೆ ಸೋಮವಾರವೂ ಅವನು ಎಡವುತ್ತಿದ್ದ. ನಾನು ಕೇಳುತ್ತಿದ್ದೆ.

ಅವನ ಪಕ್ಕಕ್ಕೆ ಸರಿದು ಕೂತು ಮಣಿಕಟ್ಟನ್ನು ಹಿಡಿದುಕೊಂಡೆ. "ಬೆರಳಿಂದಲ್ಲಪ್ಪಾ, ಮಣಿಕಟ್ಟಿಂದ. ಕೊನೇ ಎರಡನ್ನ ಬೇರೆ ಬೇರೆ ಅನ್ಕೋಬೇಡ, ಒಂದೇ ಉಸ್ರು. ಮೆತ್ತಗೆ. ಅವಸರ ಏನಿಲ್ಲ." ಒಂದು ಸಲ ತಪ್ಪಿದ, ಮತ್ತೆ ತಪ್ಪಿದ. "ಪರವಾಗಿಲ್ಲ ಕಣಪ್ಪಾ" ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸುಲಭವಾಗಿ ಬಂತು! ಹೊತ್ತು ಇಳಿಯುವವರೆಗೆ ಕೂತೆವು. ಕೊನೆಗೆ ಎಲ್ ನೀರಿನ ಹಾಗೆ ಬಂತು. ಅವನು ನನ್ನ ಕಾಲು ಮುಟ್ಟಿ ನಮಸ್ಕರಿಸಿದ.

ಸೋಮವಾರ ಐದು ಗಂಟೆಗೆ ಬಾಗಿಲು ಮೆಲ್ಲಗೆ ಮುಂದೆ ಮಾಡಿ ಕೂತೆ. ಮೊನೆ ಬೇಗನೆ ಜಾಗ ಹಿಡಿಯಿತು. ಒಬ್ಬರಾದ ಮೇಲೆ ಒಬ್ಬರಂತೆ ಏಳು ಜನ ಹೊಡೆದರು. ಯಾರೂ ಎಡವಲಿಲ್ಲ. ಅವರಲ್ಲಿ ಸೊಣ್ಣಪ್ಪ ಯಾರೆಂದು ನನಗೆ ಗೊತ್ತಾಗಲಿಲ್ಲ.