ಸದ್ದಿಲ್ಲದ ಡಬ್ಬಿ

ಪೇಂಟ್‌ಬಾಲ್ ಗನ್ನಿಗೆ ಉದ್ದ ನಳಿಗೆಯೋ, ಸದ್ದಿಲ್ಲದ ಡಬ್ಬಿಯೋ? ಅಂಗಡಿಯಲ್ಲಿ ನಿಂತು ಅವನು ಯೋಚಿಸಿದ. ಉದ್ದ ನಳಿಗೆ ದೂರ ನಿಂತು ಹೊಡೆಯುವವರಿಗೆ. ತಾನು ದೂರ ನಿಲ್ಲುವವನಲ್ಲ, ನುಗ್ಗುವವನೂ ಅಲ್ಲ. ಗೋಡೆಯ ನೆರಳಲ್ಲಿ ನುಸುಳುವವನು. ಆದರೆ ಗನ್ನಿನ ನೆತ್ತಿಯ ಮೇಲೆ ಕೂತ ಬಣ್ಣದ ಗುಂಡುಗಳ ಡಬ್ಬಿ ಹೆಜ್ಜೆಹೆಜ್ಜೆಗೂ ಗಿಲಗಿಲ ಎನ್ನುತ್ತಿದ್ದರೆ ನುಸುಳಿ ಏನು ಬಂತು? ಪೇಂಟ್‌ಬಾಲ್ ತಂಡದಲ್ಲಿ ಅವನಿಗೆ ಗಿಲಕಿ ಎಂದೇ ಹೆಸರು. ಇಟ್ಟವಳು ಅಕ್ಕ, ತಂಡದ ನಾಯಕಿ.

"ನಿಮ್ಮ ಆಟ ಎಂಥದ್ದು ಹೇಳಿ, ಆಮೇಲೆ ಸಾಮಾನು ನೋಡೋಣ," ಎಂದ ಅಂಗಡಿಯವನು. "ಟ್ರಿಗರ್ ಹಗುರ ಮಾಡಿಸ್ಕೊಳ್ತೀರಾ? ಬೆರಳು ತಾಗಿದ್ರೆ ಸಾಕು."

"ನಂಗೆ ಸದ್ದು ಬೇಡ. ಅಷ್ಟೇ."

"ಹಾಗಾದ್ರೆ ಈ ಡಬ್ಬಿ ತಗೊಳ್ಳಿ. ಒಳಗಿನ ಸ್ಪ್ರಿಂಗ್ ಗುಂಡುಗಳನ್ನ ಒತ್ತಿ ಹಿಡಿಯುತ್ತೆ. ಬೆಕ್ಕು ನಡೆದ ಹಾಗೆ ನಡೀಬಹುದು."

ಅವನು ಡಬ್ಬಿ ಕೊಂಡ. ಈ ಭಾನುವಾರ ಎದುರಾಳಿಯ ಬಾವುಟ ಕಿತ್ತು ತಂದರೆ ಆ ಹೆಸರು ತಾನಾಗಿ ಉದುರುತ್ತದೆ ಎಂದುಕೊಂಡ.

ಪಾಳು ಗೋದಾಮಿನಲ್ಲಿ ಆಟ. ಎಂದಿನಂತೆ ಅಕ್ಕ ಎಲ್ಲರಿಗಿಂತ ಮುಂದೆ, ಟೈರುಗಳ ರಾಶಿಯ ಹಿಂದೆ ಮಂಡಿಯೂರಿದ್ದಳು. ಅವನು ಗೋಡೆಗಂಟಿ ಬಂದ. ಯಾರೂ ತಿರುಗಲಿಲ್ಲ. ತನ್ನ ಹೆಜ್ಜೆ ತನಗೇ ಕೇಳಿಸದ ಸುಖ. ಅಕ್ಕನ ಬೆನ್ನ ಹಿಂದೆ ಹಾದುಹೋದರೆ ಆಚೆಯೇ ಬಾವುಟ.

ಅವನ ನೆರಳು ಅವಳ ಕೈ ಮೇಲೆ ಬಿತ್ತು.

"ಯಾರೋ ಅದು!"

ಚೀರಿದ್ದೂ ಹೊಡೆದದ್ದೂ ಒಟ್ಟಿಗೇ. ಅವನ ಎದೆಯೆಲ್ಲ ನೀಲಿಯಾಯಿತು. ನೋವು ಆಮೇಲೆ ತಿಳಿದದ್ದು. ಮೊದಲು ಕಂಡದ್ದು ಅಕ್ಕ. ಗುಂಡಿಗೆ ಗಟ್ಟಿ ಎಂದು ಊರೇ ಹೊಗಳುವ ಅಕ್ಕ, ಗನ್ ಕೈಬಿಟ್ಟು ಟೈರುಗಳಿಗೆ ಒರಗಿದ್ದಳು.

"ಅಕ್ಕಾ, ನಾನು."

"ನೀನಾ? ನಿನ್ನ ಸದ್ದೇ ಇರ್ಲಿಲ್ವಲ್ಲೋ! ನೀನು ಔಟಾಗಿ ಹೋದೆ, ಹಿಂದೆ ಯಾರೂ ಇಲ್ಲ ಅಂದ್ಕೊಂಡೆ." ಅವಳು ಅಲ್ಲೇ ಕುಸಿದು ಕೂತಳು. ಮುಖವಾಡದೊಳಗೆ ಉಸಿರು ಸಿಳ್ಳೆ ಹಾಕುತ್ತಿತ್ತು. "ಹಿಂದೆ ಗಿಲಕಿ ಕೇಳಿಸ್ತಿದ್ರೆ ತಾನೇ ನಾನು ಮುಂದೆ ನುಗ್ಗೋದು? ಇಲ್ಲಾಂದ್ರೆ ಜೀವ ಬಾಯಿಗೆ ಬರುತ್ತೆ ಕಣೋ."

ಇಷ್ಟು ವರ್ಷ ಅವನು ಅವಳ ಧೈರ್ಯದ ಹಿಂದೆ ಅಡಗಿ ನಡೆದಿದ್ದ. ಹಾಗೆಂದು ನಂಬಿದ್ದ.

ತಂಡ ಸೋತಿತು. "ಒಡಹುಟ್ಟಿದವನಿಗೇ ಬಣ್ಣ ಬಳಿದ್ಯಲ್ಲ ಕ್ಯಾಪ್ಟನ್, ಏನು, ಆಸ್ತಿ ಜಗಳಾನಾ?" ಎಂದು ತಂಡದವನೊಬ್ಬ ಕಿಚಾಯಿಸಿದ. ಅಕ್ಕ ನಗದೆ ತಮ್ಮನ ಕಡೆ ತಿರುಗಿದಳು.

"ಹಳೇ ಡಬ್ಬಿಗೆ ಏನಾಯ್ತೋ?"

"ಒಡೆದುಹೋಯ್ತು."

"ರಿಪೇರಿ ಆಗಲ್ವಾ?"

"ಆಗುತ್ತೆ."

ಮುಂದಿನ ಭಾನುವಾರ ಅದು ಮತ್ತೆ ಗಿಲಗಿಲ ಎಂದಿತು. ಅಕ್ಕ ಹಿಂದೆ ನೋಡದೆ ನುಗ್ಗಿದಳು.

ಹಳೆಯ ಡಬ್ಬಿ ಒಡೆದೇ ಇರಲಿಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.